ಹಬ್ಬಕ್ಕೆ ಎಲ್ಲರೂ ಬಂದಿದ್ದರು

ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಭಾವನಿಗೆ ಒಂದು ತಕರಾರಿತ್ತು. ಹೆಸರು ಜೇಮ್ಸ್ ವಾಟ್ಸ್, ಅಕ್ಕ ಮ್ಯಾಜ್‌ಳ ಗಂಡ. ನಾದಿನಿ ಬರೆದದ್ದನ್ನೆಲ್ಲ ಬಿಡದೆ ಓದುವ ಮನುಷ್ಯ. ನಿನ್ನ ಕೊಲೆಗಳು ಬರ್ತಾ ಬರ್ತಾ ತೀರಾ ನಾಜೂಕಾಗುತ್ತಿವೆ, ಮೈಯಲ್ಲಿ ರಕ್ತವೇ ಇಲ್ಲದ ಹಾಗಿವೆ ಅನ್ನೋದು ಅವರ ದೂರು. ಇದು ಕೊಲೆಯೋ ಅಲ್ಲವೋ ಅಂತ ತಲೆ ಕೆರೆದುಕೊಳ್ಳೋ ಹಾಗೆ ಇರಬಾರದು, ರಕ್ತ ಧಾರಾಳವಾಗಿ ಹರಿದಿರಬೇಕು, ಅಂಥದ್ದೊಂದು ಬರಿ ಅಂದರು. ಕ್ರಿಸ್ಟಿ ಬರೆದೇಬಿಟ್ಟರು. ಭಾವ ಏನು ಕೇಳಿದ್ದರು ಅನ್ನೋದನ್ನ ಅರ್ಪಣೆಯ ಪುಟದಲ್ಲೇ ಹೇಳಿಕೊಂಡರು. ಜೊತೆಗೆ ಮ್ಯಾಕ್‌ಬೆತ್ ನಾಟಕದಿಂದ ಒಂದು ಸಾಲು ಎತ್ತಿ ಇಟ್ಟರು. ಆ ಮುದುಕನ ಮೈಯಲ್ಲಿ ಇಷ್ಟು ರಕ್ತ ಇದ್ದೀತು ಅಂತ ಯಾರು ತಾನೇ ಎಣಿಸಿದ್ದರು ಅನ್ನುವ ಸಾಲು.

ಆ ಪುಸ್ತಕ 'ಹರ್ಕ್ಯೂಲ್ ಪೊಯ್ರೋಸ್ ಕ್ರಿಸ್‌ಮಸ್'. ಪೊಯ್ರೋ ಅಂದರೆ ಕ್ರಿಸ್ಟಿಯ ಕಥೆಗಳ ಪತ್ತೇದಾರ. ಪುಸ್ತಕ ಬಂದದ್ದು 1938ರ ಡಿಸೆಂಬರಿನಲ್ಲಿ, ಹಬ್ಬಕ್ಕೆ ಸರಿಯಾಗಿ. ಅದೂ ಒಂದು ಲೆಕ್ಕಾಚಾರವೇ. ಕ್ರಿಸ್‌ಮಸ್‌ಗೆ ಒಂದು ಕ್ರಿಸ್ಟಿ ಅಂತ ಪ್ರಕಾಶಕರು ಜಾಹೀರಾತು ಕೊಟ್ಟು ಮಾರುತ್ತಿದ್ದರು, ಜನ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದರು. ಅಪ್ಪನಿಗೆ ಸಾಕ್ಸ್, ಅತ್ತೆಗೆ ಕೊಲೆ. ಶಾಂತಿ ಸಮಾಧಾನದ ಹಬ್ಬಕ್ಕೆ ಇದೆಂಥ ಉಡುಗೊರೆ ಅಂತ ಅನಿಸಬಹುದು. ಆದರೆ ಇಂಗ್ಲೆಂಡಿನಲ್ಲಿ ಚಳಿಗಾಲದ ರಾತ್ರಿ ಒಲೆ ಮುಂದೆ ಕೂತು ದೆವ್ವದ ಕಥೆ ಹೇಳೋ ರೂಢಿ ಹಳೆಯದು. ಡಿಕನ್ಸ್ 1843ರಲ್ಲಿ ಬರೆದ ಆ ಪ್ರಸಿದ್ಧ ಕ್ರಿಸ್‌ಮಸ್ ಕಥೆಯೂ ದೆವ್ವದ ಕಥೆಯೇ ತಾನೇ. ಷರ್ಲಾಕ್ ಹೋಮ್ಸ್ 1892ರಲ್ಲಿ ಹಬ್ಬದ ಬಾತುಕೋಳಿಯ ಹೊಟ್ಟೆಯಲ್ಲಿ ಸಿಕ್ಕ ರತ್ನದ ಹಿಂದೆ ಓಡಾಡಿದ. ದೆವ್ವ ಹೋಗಿ ಕಳ್ಳ ಬಂದ, ಕಳ್ಳ ಹೋಗಿ ಕೊಲೆಗಾರ ಬಂದ.

ಕೊಲೆಗಾರ ಬಂದಮೇಲೆ ಅವನಿಗೊಂದು ಮನೆ ಬೇಕಾಯಿತು. ಇಂಗ್ಲಿಷರ ಕಂಟ್ರಿ ಹೌಸ್ ಹೇಗಿರುತ್ತೆ ಅಂತ ನಮಗೆಲ್ಲ ಸಿನಿಮಾ ನೋಡಿ ಗೊತ್ತಿದೆ. ಊರಿಂದ ದೂರ, ಸುತ್ತ ತೋಟ, ಎಣಿಸಲಾರದಷ್ಟು ಕಿಟಕಿ, ಊಟದ ಗಂಟೆ ಬಾರಿಸೋಕೆ ಒಬ್ಬ, ಕೋಟು ಇಸ್ಕೊಳ್ಳೋಕೆ ಇನ್ನೊಬ್ಬ. ಈ ದೊಡ್ಡಮನೆಗೆ ಹೊರಗಿನಿಂದ ಯಾರೂ ಬರೋ ಹಾಗಿಲ್ಲ, ಒಳಗಿರೋರು ಯಾರೂ ಹೋಗೋ ಹಾಗಿಲ್ಲ ಅಂತ ಮಾಡಿದರೆ ಅರ್ಧ ಕಥೆ ಮುಗೀತು. ಕೊಲೆಗಾರ ಈ ಹತ್ತು ಜನರಲ್ಲೇ ಒಬ್ಬ ಅಂತ ಓದುಗರಿಗೆ ಖಾತ್ರಿ ಆಗುತ್ತೆ.

ಸುಲಭದ ದಾರಿ ಹಿಮ. ಸುರಿಸಿಬಿಟ್ಟರೆ ಆಯಿತು. ರಸ್ತೆ ಮುಚ್ಚುತ್ತೆ, ಫೋನ್ ತಂತಿ ಕಡಿಯುತ್ತೆ, ಪೊಲೀಸರು ಬರೋದು ತಡ. ಇದನ್ನೇ ಚೆನ್ನಾಗಿ ಮಾಡಿದವರೂ ಇದ್ದಾರೆ. ಜೆ. ಜೆಫರ್ಸನ್ ಫಾರ್ಜನ್ 1937ರಲ್ಲಿ ಬರೆದ 'ಮಿಸ್ಟರಿ ಇನ್ ವೈಟ್' ನೋಡಿ. ಕ್ರಿಸ್‌ಮಸ್ ಹಿಂದಿನ ದಿನ ರೈಲು ಹಿಮದಲ್ಲಿ ಸಿಕ್ಕಿ ನಿಲ್ಲುತ್ತದೆ. ಕೆಲವರು ತಾಳ್ಮೆಗೆಟ್ಟು ಇಳಿದು ನಡೆಯುತ್ತಾರೆ, ದಾರಿ ತಪ್ಪುತ್ತಾರೆ, ಒಂದು ಮನೆ ಸಿಗುತ್ತದೆ. ಬಾಗಿಲು ತೆರೆದಿದೆ. ಒಲೆ ಉರಿಯುತ್ತಿದೆ. ನೀರು ಕುದಿಯುತ್ತಿದೆ, ಟೀಗೆ ಎಲ್ಲ ಜೋಡಿಸಿಟ್ಟಿದೆ. ಮನೆಯಲ್ಲಿ ಮಾತ್ರ ನರಪಿಳ್ಳೆ ಇಲ್ಲ. ಇಷ್ಟು ಒಳ್ಳೆಯ ಶುರುವಾತು ನಾನು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಕಮ್ಮಿ. ಕೊನೆ ಅಷ್ಟು ಗಟ್ಟಿ ಇಲ್ಲ, ಬಿಡಿ. ಈ ಪುಸ್ತಕ ಮರೆತೇಹೋಗಿತ್ತು. 2014ರಲ್ಲಿ ಬ್ರಿಟಿಷ್ ಲೈಬ್ರರಿ ಮತ್ತೆ ಅಚ್ಚು ಹಾಕಿದಾಗ ಆ ವರ್ಷದ ಹಬ್ಬಕ್ಕೆ ಬಿಸಿ ದೋಸೆ ಥರ ಖರ್ಚಾಯಿತು.

ಆದರೆ ಕ್ರಿಸ್ಟಿಯ 1938ರ ಪುಸ್ತಕದಲ್ಲಿ ಹಿಮ ಯಾರನ್ನೂ ಕಟ್ಟಿಹಾಕಿಲ್ಲ. ಸ್ಟೇಷನ್ ಇದೆ, ಕಾರುಗಳಿವೆ, ಫೋನ್ ಕೆಲಸ ಮಾಡುತ್ತದೆ. ಕೊಲೆಗೆ ಮುಂಚೆ ಯಾರು ಬೇಕಾದರೂ ಎದ್ದು ಹೋಗಬಹುದಿತ್ತು. ಯಾರೂ ಹೋಗೋದಿಲ್ಲ. ನನಗೆ ಈ ಪುಸ್ತಕ ಬೇರೆಯವುಗಳಿಗಿಂತ ಒಂದು ಕೈ ಮೇಲು ಅನಿಸೋದು ಇದಕ್ಕೇ. ಇಲ್ಲಿ ಬಾಗಿಲು ಹಾಕೋದು ಹಬ್ಬ. ಹಬ್ಬದ ದಿನ ಅಪ್ಪನ ಮನೆಯಿಂದ ಎದ್ದು ಹೋದರೆ ಜನ ಏನಂತಾರೆ? ಅದರ ಮುಂದೆ ಯಾವ ಹಿಮ?

ಮನೆಯ ಹೆಸರು ಗಾರ್ಸ್ಟನ್ ಹಾಲ್. ಯಜಮಾನ ಸಿಮಿಯನ್ ಲೀ. ದಕ್ಷಿಣ ಆಫ್ರಿಕಾದಲ್ಲಿ ವಜ್ರದ ವ್ಯವಹಾರ ಮಾಡಿ ಕೋಟಿಗಟ್ಟಲೆ ಮಾಡಿದವನು. ಈಗ ಮುದುಕ, ಕಾಯಿಲೆ, ಮೇಲಿನ ಕೋಣೆ ಬಿಟ್ಟು ಇಳಿಯೋದೇ ಅಪರೂಪ. ಕೋಣೆಯ ತಿಜೋರಿಯಲ್ಲಿ ಇನ್ನೂ ಕಟ್ ಮಾಡದ ಕಚ್ಚಾ ವಜ್ರಗಳನ್ನ ಇಟ್ಟುಕೊಂಡಿದ್ದಾನೆ. ಆಗಾಗ ತೆಗೆದು ಬೆರಳ ಸಂದಿಯಲ್ಲಿ ಸುರಿಸಿಕೊಂಡು ಕೂರುತ್ತಾನೆ. ನೋಡೋಕೆ ಬೆಣಚುಕಲ್ಲಿನ ಹಾಗಿವೆ ಅವು. ಹೆಂಡತಿಯನ್ನ ಜೀವಮಾನವಿಡೀ ಅಳಿಸಿದವನು. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಈ ಕ್ರಿಸ್‌ಮಸ್‌ಗೆ ಎಲ್ಲ ಮಕ್ಕಳೂ ಬರಬೇಕು ಅಂತ ಕಾಗದ ಬರೆಸಿದ್ದಾನೆ.

ಆಲ್ಫ್ರೆಡ್ ಮನೆಯಲ್ಲೇ ಇರುವ ಮಗ. ಅಪ್ಪ ಹೇಳಿದ್ದಕ್ಕೆಲ್ಲ ಹೂಂ ಅಂದವನು. ಜಾರ್ಜ್ ಪಾರ್ಲಿಮೆಂಟಿನ ಮೆಂಬರು, ಜಿಪುಣ, ಆದರೂ ಅಪ್ಪನಿಂದ ದುಡ್ಡು ಬರಬೇಕು. ಡೇವಿಡ್ ಅಮ್ಮನ ಕಣ್ಣೀರು ಮರೆಯಲಾರದೆ ಮನೆ ಬಿಟ್ಟವನು. ಹ್ಯಾರಿ ದುಡ್ಡು ಎಗರಿಸಿ ಊರೂರು ಸುತ್ತಿದ ಪೋಲಿ, ಅವನನ್ನೂ ಕರೆಸಿದ್ದಾನೆ ಮುದುಕ. ಸ್ಪೇನಿನಲ್ಲಿ ಸತ್ತ ಮಗಳ ಮಗಳು ಪಿಲಾರ್ ಕೂಡ ಬಂದಿದ್ದಾಳೆ. ಅಲ್ಲಿ ಆಗ ಅಂತರ್ಯುದ್ಧ, ಬಾಂಬುಗಳ ನಡುವಿನಿಂದ ಪಾರಾಗಿ ಬಂದ ಹುಡುಗಿ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮುದುಕ ಎಲ್ಲರನ್ನೂ ಮೇಲಕ್ಕೆ ಕರೆಸುತ್ತಾನೆ. ಅವರು ಒಳಗೆ ಬರುವ ಹೊತ್ತಿಗೆ ಫೋನಿನಲ್ಲಿ ವಕೀಲನ ಜೊತೆ ಮಾತಾಡುತ್ತಿದ್ದಾನೆ. ಹಬ್ಬ ಮುಗಿದ ಕೂಡಲೇ ಬಾ, ಉಯಿಲು ಬದಲಾಯಿಸಬೇಕು ಅಂತ. ಎಲ್ಲರಿಗೂ ಕೇಳಿಸಲಿ ಅಂತಲೇ ಆಡಿದ ಮಾತು ಅದು. ಆಮೇಲೆ ಫೋನ್ ಇಟ್ಟು ಒಬ್ಬೊಬ್ಬರಿಗೂ ಮಂಗಳಾರತಿ ಎತ್ತುತ್ತಾನೆ. ನಿಮ್ಮಲ್ಲಿ ಒಬ್ಬನೂ ಗಂಡಸಲ್ಲ ಅನ್ನೋ ಧಾಟಿಯಲ್ಲಿ. ಆ ಪುಟಗಳನ್ನ ಓದುವಾಗ ಇವನನ್ನ ಯಾರಾದರೂ ಮುಗಿಸಲಿ ಅಂತ ಓದುಗರಿಗೇ ಅನಿಸಬೇಕು, ಹಾಗೆ ಬರೆದಿದ್ದಾರೆ ಕ್ರಿಸ್ಟಿ. ಅನಿಸುತ್ತದೆ ಕೂಡ.

ರಾತ್ರಿ ಊಟ ಆದಮೇಲೆ ಮೇಲಿನಿಂದ ಕುರ್ಚಿ ಮೇಜು ಉರುಳುವ ಸದ್ದು. ಪಿಂಗಾಣಿ ಒಡೆಯುವ ಸದ್ದು. ಆಮೇಲೆ ಒಂದು ಕಿರುಚು. ಎಲ್ಲರೂ ಓಡುತ್ತಾರೆ. ಬಾಗಿಲಿಗೆ ಒಳಗಿನಿಂದ ಬೀಗ. ಒಡೆದು ನೋಡಿದರೆ ಕುತ್ತಿಗೆ ಕೊಯ್ದ ಹೆಣ, ರಕ್ತದ ಮಡು, ಚೆಲ್ಲಾಪಿಲ್ಲಿಯಾದ ಕೋಣೆ. ಭಾವನ ಆಸೆ ಪೂರೈಸಿತು.

ಕೊಲೆಗಾರ ಯಾರು ಅಂತ ನಾನು ಹೇಳಲ್ಲ, ಹೆದರಬೇಡಿ. ಆದರೆ ಆ ಕಿರುಚಿನ ಬಗ್ಗೆ ಒಂದು ಮಾತು. ಪೊಯ್ರೋ ಪ್ರತಿಯೊಬ್ಬರನ್ನೂ ಅದು ಹೇಗಿತ್ತು ಅಂತ ಕೇಳುತ್ತಾನೆ. ಒಬ್ಬರಿಗೆ ಅದು ನರಳುತ್ತಿರುವ ಆತ್ಮದ ಕೂಗಿನ ಹಾಗಿತ್ತು. ಇನ್ನೊಬ್ಬರಿಗೆ ಆತ್ಮವೇ ಇಲ್ಲದ ಯಾವುದೋ ಪ್ರಾಣಿಯ ಹಾಗೆ. ಮತ್ತೊಬ್ಬನಿಗೆ ಹಂದಿ ಕೊಯ್ಯುವಾಗಿನ ಸದ್ದು. ಓದುವಾಗ ಸುಮ್ನೆ ಅವರವರ ಸ್ವಭಾವ ತೋರಿಸೋಕೆ ಬರೆದಿದ್ದಾರೆ ಅನಿಸುತ್ತೆ. ಆಧ್ಯಾತ್ಮದವನಿಗೆ ಆತ್ಮ, ಒರಟನಿಗೆ ಹಂದಿ. ಪುಟ ತಿರುವಿ ಮುಂದೆ ಹೋಗುತ್ತೇವೆ. ಎಷ್ಟು ದೊಡ್ಡ ಸುಳಿವನ್ನ ನಮ್ಮ ಕಣ್ಣಮುಂದೆ ಇಟ್ಟು ಹೋದರು ಅಂತ ಕೊನೆಗೆ ಗೊತ್ತಾಗುತ್ತೆ. ಮುದಿ ಬಟ್ಲರ್ ಟ್ರೆಸಿಲಿಯನ್‌ದೂ ಅದೇ ಕಥೆ. ಬಾಗಿಲು ತೆರೆದಾಗಲೆಲ್ಲ ಇದನ್ನ ಹಿಂದೇನೇ ಮಾಡಿದ ಹಾಗಿದೆಯಲ್ಲ ಅಂತ ಅವನಿಗೆ ಅನಿಸುತ್ತಿರುತ್ತದೆ. ವಯಸ್ಸಾಯಿತು, ಕಣ್ಣು ಮಂಜು ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ನಾವೂ ಪಾಪ ಮುದುಕ ಅಂತ ಬಿಟ್ಟುಬಿಡುತ್ತೇವೆ.

ಇನ್ನೊಂದು ಹತ್ತಿರದಿಂದ ನೋಡಬೇಕಾದ ವಸ್ತು ಹಿರಿಯ ಸೊಸೆ ಲಿಡಿಯಾಳ ಪುಟಾಣಿ ತೋಟಗಳು. ಕಲ್ಲಿನ ತೊಟ್ಟಿಗಳಲ್ಲಿ ಮಣ್ಣು ತುಂಬಿ, ಚಿಕ್ಕ ಗಿಡ ನೆಟ್ಟು, ಕಲ್ಲು ಜೋಡಿಸಿ ಒಂದೊಂದನ್ನೂ ಒಂದೊಂದು ಜಾಗದ ಹಾಗೆ ಮಾಡುತ್ತಾಳೆ. ಹಬ್ಬದ ಹೊತ್ತಿಗೆ ಒಂದರಲ್ಲಿ ಮೃತ ಸಮುದ್ರ ಮಾಡಿದ್ದಾಳೆ. ಬರೀ ಕಲ್ಲು, ಹಸಿರೇ ಇಲ್ಲ. ಮಾವನ ಮನೆಯಲ್ಲಿ ಬಾಯಿ ಬಿಡದೆ ಬದುಕಿದ ಹೆಂಗಸು ಅದರಲ್ಲಿ ತನ್ನ ಮನಸ್ಸಿನ ಮಾತು ಹೇಳಿದ್ದಾಳೆ ಅಂತ ನನಗೆ ಅನಿಸೋದು. ಕ್ರಿಸ್ಟಿಯ ಪಾತ್ರಗಳು ರಟ್ಟಿನ ಗೊಂಬೆಗಳು ಅಂತ ಮೂಗು ಮುರಿಯುವವರು ಆ ಒಂದು ತೊಟ್ಟಿ ನೋಡಬೇಕು.

ಕೊಲೆ ಆಗುವುದಕ್ಕೆ ಸ್ವಲ್ಪ ಮೊದಲು ಪೊಯ್ರೋ ಬೇರೊಂದು ಮನೆಯಲ್ಲಿ, ಆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಕರ್ನಲ್ ಜಾನ್ಸನ್ ಜೊತೆ ಒಲೆ ಮುಂದೆ ಕೂತಿರುತ್ತಾನೆ. ಕ್ರಿಸ್‌ಮಸ್‌ನಲ್ಲಿ ಅಪರಾಧ ಕಮ್ಮಿ, ಎಲ್ಲರ ಮನಸ್ಸೂ ಒಳ್ಳೇದಿರುತ್ತೆ ಅಂತ ಕರ್ನಲ್ ಅಂದರೆ ಪೊಯ್ರೋ ಒಪ್ಪೋದಿಲ್ಲ. ವರ್ಷವಿಡೀ ದೂರ ಇದ್ದವರು ಒಂದೇ ಸೂರಿನಡಿ ಸೇರುತ್ತಾರೆ. ಆಗದವರ ಮುಖ ನೋಡಿ ನಗಬೇಕು. ನಕ್ಕು ನಕ್ಕು ಒಳಗೆ ಸಿಟ್ಟು ಸೇರುತ್ತೆ. ಅದರ ಮೇಲೆ ಹೊಟ್ಟೆಬಿರಿ ಊಟ, ಅಜೀರ್ಣ. ಅಜೀರ್ಣ ಆದರೆ ಸಿಡುಕು. ಇದು ಅವನ ವಾದ. ಗೌರಿ ಹಬ್ಬಕ್ಕೋ ದೀಪಾವಳಿಗೋ ಊರಿಗೆ ಹೋಗಿ, ಒಬ್ಬಟ್ಟು ತಿಂದು, ಜಗಲಿಯಲ್ಲಿ ಕೂತಾಗ ಯಾರೋ ಮೆಲ್ಲಗೆ ಆ ಕೆರೆ ಪಕ್ಕದ ಜಮೀನಿನ ಮಾತು ತೆಗೆದದ್ದನ್ನ ಕಂಡವರಿಗೆ ಪೊಯ್ರೋ ಹೇಳೋದು ಬಿಡಿಸಿ ಹೇಳಬೇಕಿಲ್ಲ.

ಜಮೀನು ಅಂದಮೇಲೆ ಕಾನೂನಿನ ಮಾತು. ಇಂಗ್ಲಿಷ್ ಕಥೆಗಳಲ್ಲಿ ಅಪ್ಪ ಉಯಿಲು ಬದಲಾಯಿಸ್ತೀನಿ ಅಂದ ಕೂಡಲೇ ಎಲ್ಲರ ಮುಖ ಯಾಕೆ ಬಿಳಿಚಿಕೊಳ್ಳುತ್ತೆ? ಅಲ್ಲಿನ ಅಪ್ಪನ ಕೈಯಲ್ಲಿದ್ದ ಪೆನ್ನಿಗೆ ಅಷ್ಟು ಬಲ ಇತ್ತು. ಆಸ್ತಿಯನ್ನ ಯಾರಿಗೆ ಬೇಕಾದರೂ ಬರೆಯಬಹುದು. ಹೆಂಡತಿ ಮಕ್ಕಳಿಗೆ ಒಂದು ಬಿಡಿಗಾಸು ಬಿಡದೆ ನಾಯಿಗಳ ಆಶ್ರಮಕ್ಕೆ ಬರೆದರೂ ಕೇಳೋರಿಲ್ಲ. ಹೀಗೆ ಕೈಬಿಟ್ಟವರು ಕೋರ್ಟಿಗೆ ಹೋಗಿ ಜೀವನಕ್ಕೆ ಕೇಳಬಹುದು ಅನ್ನುವ ಕಾನೂನು ಬಂದದ್ದು 1938ರಲ್ಲಿ, ಸರಿಯಾಗಿ ಈ ಪುಸ್ತಕ ಬಂದ ವರ್ಷವೇ. ಅದರಲ್ಲೂ ಹೆಂಡತಿ ಅಥವಾ ಗಂಡ, ಮದುವೆಯಾಗದ ಹೆಣ್ಣುಮಕ್ಕಳು, ಪ್ರಾಯಕ್ಕೆ ಬರದ ಗಂಡುಮಕ್ಕಳು, ದುಡಿಯಲಾಗದ ಸ್ಥಿತಿಯವರು, ಇಷ್ಟೇ ಜನ. ಆಲ್ಫ್ರೆಡ್, ಜಾರ್ಜ್, ಡೇವಿಡ್, ಹ್ಯಾರಿಗೆ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ.

ನಮ್ಮ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಲೆಕ್ಕ ಬೇರೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು. ಅಪ್ಪ ಸಿಟ್ಟು ಮಾಡಿಕೊಂಡ ಅಂತ ಅದು ಹೋಗಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರು ಅಪ್ಪ ಸತ್ತ ಮೇಲೆ ಒಬ್ಬರಿಗೊಬ್ಬರು ಕಚ್ಚಾಡುತ್ತಾರೆ, ಇಂಗ್ಲಿಷರ ಕಥೆಯಲ್ಲಿ ಅಪ್ಪ ಇರುವಾಗಲೇ ಅವನ ಮೇಲೆ ಕಣ್ಣು. ಸಿಮಿಯನ್ ಲೀಯದು ಸ್ವಯಾರ್ಜಿತ ಅನ್ನೋದು ನಿಜ. ಹಾಗಾಗಿ ಅವನು ಇಲ್ಲಿದ್ದರೂ ಇಂದಿನ ಕಾನೂನಿನಲ್ಲಿ ಬೇಕಾದವರಿಗೆ ಬರೆಯಬಹುದಿತ್ತು. ಮಕ್ಕಳ ಅದೃಷ್ಟವೇ ಸರಿ ಇಲ್ಲ.

ಸ್ವಯಾರ್ಜಿತ ಅಂದೆ. ಎಲ್ಲಿಂದ ಆರ್ಜಿಸಿದ್ದು? ಈ ಕಥೆಗಳ ದೊಡ್ಡಮನೆಗಳಲ್ಲಿ ತಿಜೋರಿ ತೆಗೆದರೆ ಹೊಳೆಯುವ ಕಲ್ಲು ಇಂಗ್ಲೆಂಡಿನದ್ದಾಗಿರೋದೇ ಅಪರೂಪ. ಸಿಮಿಯನ್ ಲೀಯ ವಜ್ರ ಆಫ್ರಿಕಾದ್ದು. ಹೋಮ್ಸ್‌ನ ಬಾತುಕೋಳಿ ನುಂಗಿದ ರತ್ನ ಚೀನಾದ್ದು. ಈ ಸಾಲಿನ ಮೊದಲ ಕಲ್ಲು ಎಲ್ಲಿಯದು ಗೊತ್ತಾ? ನಮ್ಮ ಶ್ರೀರಂಗಪಟ್ಟಣದಿಂದ ಹೋದದ್ದು.

ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ದೊಡ್ಡಮನೆ ಪತ್ತೇದಾರಿಯ ಮೂಲಪುರುಷ ಇದ್ದ ಹಾಗೆ. ಅದು ತೆರೆದುಕೊಳ್ಳೋದು 1799ರಲ್ಲಿ, ಕೋಟೆ ಬಿದ್ದ ದಿನ. ಹರ್ನ್‌ಕಾಸಲ್ ಅನ್ನುವ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಕಾವಲಿನವರನ್ನ ಕೊಂದು ಒಂದು ಹಳದಿ ವಜ್ರ ಹೊತ್ತೊಯ್ಯುತ್ತಾನೆ. ಮುಂದೆ ಅದನ್ನ ಉಯಿಲಿನಲ್ಲಿ ಸೋದರ ಸೊಸೆಗೆ ಬರೆದಿಡುತ್ತಾನೆ. ಯಾರ್ಕ್‌ಷೈರಿನ ಮನೆಯಲ್ಲಿ ಅವಳ ಹುಟ್ಟುಹಬ್ಬದ ರಾತ್ರಿ ನೆಂಟರೆಲ್ಲ ಸೇರಿರುವಾಗ ವಜ್ರ ಮಾಯ. ಆಗತಾನೆ ಬಣ್ಣ ಬಳಿದ ಬಾಗಿಲಿನ ಮೇಲೆ ಒಂದು ಚೂರು ಬಣ್ಣ ಒರೆಸಿಹೋಗಿದೆ. ಯಾರ ಬಟ್ಟೆಗೆ ಆ ಬಣ್ಣ ಅಂಟಿದೆ? ಪತ್ತೇದಾರ ಸಾರ್ಜೆಂಟ್ ಕಫ್ ಗುಲಾಬಿ ಗಿಡಗಳ ಬಗ್ಗೆ ಮಾಲಿ ಜೊತೆ ವಾದ ಮಾಡುತ್ತಲೇ ಇದನ್ನ ಹಿಡಿಯುತ್ತಾನೆ. ಕ್ರಿಸ್‌ಮಸ್ ಒಂದು ಇಲ್ಲ ಅನ್ನೋದು ಬಿಟ್ಟರೆ ಎಲ್ಲ ಸಾಮಾನೂ ಅಲ್ಲಿದೆ. ಕೂಡಿದ ಮನೆ, ಉಯಿಲು, ಕಲ್ಲು, ಒಳಗಿನವನೇ ಕಳ್ಳ ಅನ್ನೋ ಅನುಮಾನ. ಎಂಟು ವರ್ಷ ಹಿಂದೆ, 1860ರಲ್ಲಿ, ರೋಡ್ ಹಿಲ್ ಹೌಸ್ ಅನ್ನುವ ನಿಜವಾದ ಮನೆಯಲ್ಲಿ ಮೂರು ವರ್ಷದ ಮಗುವಿನ ಕೊಲೆ ಆಗಿ ಇಡೀ ಇಂಗ್ಲೆಂಡ್ ಬೆಚ್ಚಿತ್ತು. ಅಲ್ಲಿಯ ಕಾಣೆಯಾದ ರಾತ್ರಿಯುಡುಪು ಕಾಲಿನ್ಸ್ ಕಥೆಗೆ ಬಂದು ಸೇರಿತು.

ವಜ್ರ ಕಟ್ಟುಕಥೆ. ಲೂಟಿ ಕಟ್ಟುಕಥೆಯಲ್ಲ. ವೇಲ್ಸ್‌ನ ಪೋವಿಸ್ ಕ್ಯಾಸಲ್‌ಗೆ ಹೋದರೆ ಟಿಪ್ಪುವಿನ ಡೇರೆ, ಅವನ ಸಿಂಹಾಸನದ ಚಿನ್ನದ ಹುಲಿತಲೆ ಇವತ್ತಿಗೂ ನೋಡಬಹುದು. ಅದು ಕ್ಲೈವ್ ವಂಶದವರು ಇದ್ದ ಮನೆ. ಕನ್ನಡದವರು ಇಂಥ ಕಾದಂಬರಿ ಓದುವಾಗ ಕೊಲೆ ಮಾಡಿದವನು ಯಾರು ಅನ್ನೋದರ ಜೊತೆಗೆ ಕೊಲೆಯಾದವನ ದುಡ್ಡು ಯಾರದು ಅಂತಲೂ ಒಂದು ಕಣ್ಣು ಇಟ್ಟಿರಬೇಕು. ಇಂಗ್ಲಿಷ್ ಪತ್ತೇದಾರರು ಅದನ್ನ ಕೇಳೋದು ಕಮ್ಮಿ.

ಹಬ್ಬಕ್ಕೇ ವಾಪಸ್ ಬರೋಣ. ಈ ಕಥೆಗಾರರಲ್ಲಿ ಜಾಣರು ಹಬ್ಬದ ಸಾಮಾನನ್ನೇ ಕೊಲೆಯ ಸಾಮಾನು ಮಾಡುತ್ತಾರೆ. ಮೇವಿಸ್ ಡೋರಿಯಲ್ ಹೇ 1936ರಲ್ಲಿ ಬರೆದ 'ದಿ ಸಾಂಟಾ ಕ್ಲಾಸ್ ಮರ್ಡರ್' ತಗೊಳ್ಳಿ. ಕೆಂಪು ಅಂಗಿ, ಬಿಳಿ ಗಡ್ಡ ಹಾಕಿದರೆ ಯಾರು ಯಾರೆಂದು ಹೇಗೆ ಹೇಳುತ್ತೀರಿ? ಮಕ್ಕಳು ಕ್ರ್ಯಾಕರ್ ಎಳೆಯುತ್ತಿದ್ದಾರೆ. ನಮ್ಮ ಪಟಾಕಿ ಅಲ್ಲ ಇದು. ಬಣ್ಣದ ಕಾಗದದ ಕೊಳವೆ, ಎರಡು ಕಡೆಯಿಂದ ಇಬ್ಬರು ಎಳೆದರೆ ಚಟ್ ಅನ್ನುತ್ತೆ. ಆ ಗಲಾಟೆಯಲ್ಲಿ ಪಕ್ಕದ ಕೋಣೆಯ ಗುಂಡಿನ ಸದ್ದು ಯಾರ ಕಿವಿಗೆ ಬೀಳಬೇಕು? ಜಾರ್ಜೆಟ್ ಹೇಯರ್ 1941ರಲ್ಲಿ ಬರೆದ 'ಎನ್ವಿಯಸ್ ಕ್ಯಾಸ್ಕಾ'ದಲ್ಲಿ ಇನ್ನೊಂದು ಥರದ ಹಿಂಸೆ. ಮನೆ ಯಜಮಾನನಿಗೆ ಹಬ್ಬವೇ ಬೇಡ. ಅವನ ತಮ್ಮನಿಗೆ ಎಲ್ಲರೂ ಸೇರಲೇಬೇಕು, ನಗಲೇಬೇಕು, ಅಲಂಕಾರ ಮಾಡಲೇಬೇಕು. ಅಂಥ ಉತ್ಸಾಹದವರು ಎಲ್ಲರ ಮನೆಯಲ್ಲೂ ಒಬ್ಬರು ಇರ್ತಾರೆ, ಅಲ್ವಾ?

ಕ್ರಿಸ್ಟಿ ಪುಡಿಂಗನ್ನ ಹಿಡಿದುಕೊಂಡರು. 1960ರ 'ದಿ ಅಡ್ವೆಂಚರ್ ಆಫ್ ದಿ ಕ್ರಿಸ್‌ಮಸ್ ಪುಡಿಂಗ್' ಕಥೆ. (ಇದರ ಚಿಕ್ಕ ರೂಪ 1923ರಲ್ಲೇ ಒಂದು ಪತ್ರಿಕೆಯಲ್ಲಿ ಬಂದಿತ್ತು.) ಆ ಪುಡಿಂಗನ್ನ ಹಬ್ಬಕ್ಕೆ ಎಷ್ಟೋ ದಿನ ಮುಂಚೆಯೇ ಮಾಡಿಡುತ್ತಾರೆ. ಒಣದ್ರಾಕ್ಷಿ, ಕೊಬ್ಬು, ಮಸಾಲೆ ಕಲಸುವಾಗ ಮನೆಯ ಎಲ್ಲರೂ ಬಂದು ಒಂದೊಂದು ಸಲ ತಿರುವಿ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕು. ಒಳಗೆ ಬೆಳ್ಳಿ ನಾಣ್ಯ, ಉಂಗುರ, ಗುಂಡಿ ಹಾಕುತ್ತಾರೆ. ಉಂಗುರ ಸಿಕ್ಕವರಿಗೆ ಮದುವೆ, ಗುಂಡಿ ಸಿಕ್ಕವನು ಬ್ರಹ್ಮಚಾರಿ. ಬಡಿಸುವಾಗ ಬ್ರಾಂದಿ ಸುರಿದು ಬೆಂಕಿ ಹಚ್ಚುತ್ತಾರೆ. ಪೊಯ್ರೋಗೆ ದಿಂಬಿನ ಮೇಲೆ ಒಂದು ಚೀಟಿ ಸಿಕ್ಕಿದೆ, ಪುಡಿಂಗ್ ತಿನ್ನಬೇಡ ಅಂತ. ತಿನ್ನುತ್ತಾನೆ. ಯಾರದೋ ಹೋಳಿನಲ್ಲಿ ಕೆಂಪು ಗಾಜಿನ ಚೂರಿನಂಥದ್ದೇನೋ ಸಿಗುತ್ತೆ. ಅದು ಮಾಣಿಕ್ಯ. ಪೂರ್ವದೇಶದ ಒಬ್ಬ ರಾಜಕುಮಾರನಿಂದ ಕದ್ದದ್ದು. ಅಲ್ಲಿಗೆ ಬಂತು ಹೇಗೆ ಅಂದರೆ ಅಡುಗೆಮನೆಯ ಒಂದು ಚಿಕ್ಕ ಅವಘಡದಿಂದ. ಹಬ್ಬಕ್ಕೆ ಅಂತ ಅಚ್ಚಿನಲ್ಲಿಟ್ಟಿದ್ದ ಪುಡಿಂಗ್ ಕೈಜಾರಿ ಬಿದ್ದು ಒಡೆದುಹೋಗಿ, ಹೊಸವರ್ಷಕ್ಕೆ ಎತ್ತಿಟ್ಟದ್ದನ್ನ ಈಗಲೇ ಬಡಿಸಿದ್ದಾರೆ. ಕಳ್ಳ ಎಷ್ಟೇ ಜಾಣ ಆದರೂ ಅಡುಗೆಯವಳ ಮನಸ್ಸಿನ ಲೆಕ್ಕ ಅವನಿಗೆ ಸಿಗಬೇಕಲ್ಲ.

ಆ ಕಥೆ ಇರುವ ಸಂಕಲನದ ಮುನ್ನುಡಿ ನನಗೆ ಕಥೆಗಿಂತ ಇಷ್ಟ. ಅಲ್ಲಿ ಕ್ರಿಸ್ಟಿ ಆಬ್ನಿ ಹಾಲ್ ನೆನೆಯುತ್ತಾರೆ. ಮ್ಯಾಂಚೆಸ್ಟರ್ ಹತ್ತಿರ ಚೀಡಲ್‌ನಲ್ಲಿದ್ದ ಅಕ್ಕನ ಗಂಡನ ಮನೆ. ಹೌದು, ರಕ್ತ ಕೇಳಿದ ಅದೇ ಭಾವನ ಮನೆತನ. 1901ರಲ್ಲಿ ಅಪ್ಪ ತೀರಿಕೊಂಡಾಗ ಕ್ರಿಸ್ಟಿಗೆ ಹನ್ನೊಂದು ವರ್ಷ. ಆಮೇಲೆ ಅಮ್ಮ ಮಗಳು ಕ್ರಿಸ್‌ಮಸ್‌ಗೆ ಅಲ್ಲಿಗೆ ಹೋಗುತ್ತಿದ್ದರು. ಸೂಪು, ಮೀನು, ಹುರಿದ ಟರ್ಕಿ ಕೋಳಿ, ಬೇಯಿಸಿದ ಟರ್ಕಿ ಕೋಳಿ, ದೊಡ್ಡ ದನದ ಮಾಂಸದ ತುಂಡು, ಅದಾದ ಮೇಲೆ ಪುಡಿಂಗ್, ಪೈ, ಟ್ರೈಫಲ್. ಆ ಮನೆಯ ಹುಡುಗ ಹಂಫ್ರಿ ಜೊತೆ ಯಾರು ಜಾಸ್ತಿ ತಿಂತಾರೆ ಅಂತ ಪೈಪೋಟಿ. ಎಪ್ಪತ್ತರ ಹೆಂಗಸು ಹನ್ನೊಂದರ ಹಸಿವನ್ನ ಅಷ್ಟು ಚೆನ್ನಾಗಿ ನೆನಪಿಟ್ಟು ಬರೆದಿದ್ದಾರೆ. ಆ ಪುಸ್ತಕವನ್ನ ಆಬ್ನಿ ಹಾಲ್‌ನ ನೆನಪಿಗೇ ಅರ್ಪಿಸಿದ್ದಾರೆ. 1926ರ ಡಿಸೆಂಬರಿನಲ್ಲಿ ಕ್ರಿಸ್ಟಿ ಹನ್ನೊಂದು ದಿನ ಕಾಣೆಯಾಗಿ ಹ್ಯಾರಗೇಟ್‌ನ ಹೋಟೆಲಿನಲ್ಲಿ ಸಿಕ್ಕ ಕಥೆ ನೀವು ಕೇಳಿರುತ್ತೀರಿ. ಅಲ್ಲಿಂದ ಅವರನ್ನ ಕರೆದುಕೊಂಡು ಹೋದದ್ದೂ ಆಬ್ನಿ ಹಾಲ್‌ಗೆ. ಪತ್ರಕರ್ತರು ಗೇಟಿನ ಹೊರಗೆ ಉಳಿದರು.

ಹಾಗಾದರೆ ಇಷ್ಟು ಪ್ರೀತಿ ಕೊಟ್ಟ ಮನೆಯ ಹಬ್ಬವನ್ನ ತೆಗೆದುಕೊಂಡು, ಅದೇ ಭಾವನಿಗೆ, ಕುತ್ತಿಗೆ ಕೊಯ್ದ ಅಪ್ಪನ ಕಥೆ ಬರೆದುಕೊಟ್ಟದ್ದು ಹೇಗೆ? ಪ್ರೀತಿ ಇದ್ದದ್ದಕ್ಕೇ ಬರೆಯೋಕೆ ಆಯಿತು ಅಂತ ನನ್ನ ಊಹೆ. ಹಬ್ಬದ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾವ ಮಾತಿಗೆ ಯಾರು ತಟ್ಟೆ ನೋಡುತ್ತಾರೆ ಅನ್ನೋದು ಹೊರಗಿನವರಿಗೆ ಕಾಣಲ್ಲ. ನೆಂಟರ ಮನೆಗೆ ಬಂದ ಅಪ್ಪ ಇಲ್ಲದ ಹುಡುಗಿಗೆ ಎಲ್ಲ ಕಾಣುತ್ತೆ. ಅವಳ ಕೆಲಸ ಬರೀ ತಿನ್ನೋದು, ನೋಡೋದು.

ಮನೆಗಳ ಕಥೆ ಏನಾಯಿತು? ಮುಳುಗಿದವು. ಸತ್ತವರ ಆಸ್ತಿಯ ಮೇಲೆ ಸರ್ಕಾರ 1894ರಲ್ಲಿ ಹೊಸ ತೆರಿಗೆ ಹಾಕಿದಾಗ ದೊಡ್ಡ ಆಸ್ತಿಗೆ ನೂರಕ್ಕೆ 8 ಇತ್ತು. 1919ಕ್ಕೆ 40. 1949ಕ್ಕೆ 80. ಎರಡು ಯುದ್ಧಗಳ ನಂತರ ಕೆಲಸದವರೂ ಸಿಗಲಿಲ್ಲ. ಕಾರ್ಖಾನೆಯಲ್ಲಿ ಒಳ್ಳೆ ಸಂಬಳ ಸಿಗುವಾಗ ಯಾರದೋ ಮನೆಯ ಇಪ್ಪತ್ತು ಒಲೆಗೆ ಕಲ್ಲಿದ್ದಲು ಹೊರೋದಕ್ಕೆ ಯಾರಿಗೆ ಮನಸ್ಸು ಬರುತ್ತೆ? ಮಾರಿದರು, ಕೆಡವಿದರು, ಶಾಲೆ ಮಾಡಿದರು. ಆಬ್ನಿ ಹಾಲ್ ಕೂಡ ಚೀಡಲ್‌ನ ಟೌನ್ ಹಾಲ್ ಆಯಿತು, ಸುತ್ತಲಿನ ಜಾಗ ಈಗ ಜನರು ವಾಕಿಂಗ್ ಹೋಗುವ ಪಾರ್ಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1974ರಲ್ಲಿ ಹೀಗೆ ಹೋದ ಮನೆಗಳಿಗಾಗಿ ಒಂದು ಪ್ರದರ್ಶನವನ್ನೇ ಮಾಡಿತು. ಇಂಗ್ಲಿಷ್ ಸೈನಿಕನ ಮೇಲೆ ಎರಗಿರುವ ಟಿಪ್ಪುವಿನ ಮರದ ಹುಲಿ ಇರೋದೂ ಅದೇ ಮ್ಯೂಸಿಯಂನಲ್ಲಿ.

ಈ ಮುಳುಗುವಿಕೆಯನ್ನೇ ಕೊಲೆಯ ಕಥೆ ಮಾಡಿದ್ದು ಸಿರಿಲ್ ಹೇರ್. ನಿಜಜೀವನದಲ್ಲಿ ಜಡ್ಜ್ ಆಗಿದ್ದವರು. 1951ರ 'ಆ್ಯನ್ ಇಂಗ್ಲಿಷ್ ಮರ್ಡರ್' ಅವರದು. ವಾರ್‌ಬೆಕ್ ಹಾಲ್, ಹಿಮ ಬಿದ್ದು ದಾರಿ ಮುಚ್ಚಿದೆ, ಸಾಯುತ್ತಿರುವ ಲಾರ್ಡ್. ಮಗ ಫ್ಯಾಸಿಸ್ಟರ ಗುಂಪು ಕಟ್ಟಿಕೊಂಡವನು. ಅದೇ ಮನೆತನದ ಇನ್ನೊಬ್ಬ ಸರ್ಕಾರದಲ್ಲಿ ಹಣಕಾಸು ಮಂತ್ರಿ, ಇಂಥ ಮನೆಗಳಿಗೇ ತೆರಿಗೆ ಹಾಕೋನು. ಹಬ್ಬದ ಹಿಂದಿನ ರಾತ್ರಿ ಹನ್ನೆರಡಕ್ಕೆ ಶುಭ ಕೋರಿ ಲೋಟ ಎತ್ತುವಾಗ ವಿಷ. ಗುಟ್ಟು ಬಿಡಿಸೋನು ಪೊಲೀಸಿನವನಲ್ಲ, ಬಾಟ್‌ವಿಂಕ್ ಅನ್ನುವ ಒಬ್ಬ ಯಹೂದಿ ಇತಿಹಾಸಕಾರ. ಯುರೋಪಿನ ಕ್ಯಾಂಪುಗಳಿಂದ ಬದುಕಿ ಬಂದವನು, ಆ ಮನೆಯ ಹಳೇ ಕಾಗದಪತ್ರ ಓದುತ್ತಾ ಚಳಿ ಕೋಣೆಯಲ್ಲಿ ಕೂತಿದ್ದವನು. ಕೊಲೆಗೆ ಕಾರಣ ಏನು ಅಂತ ಇಂಗ್ಲಿಷರಿಗೇ ಹೊಳೆಯಲ್ಲ. ಅವರ ರಾಜಕೀಯದ ಕಟ್ಟಳೆಯನ್ನ ಅವರಿಗಿಂತ ಚೆನ್ನಾಗಿ ಓದಿಕೊಂಡ ಪರದೇಶಿಗೆ ಹೊಳೆಯುತ್ತೆ. ಕ್ರಿಸ್ಟಿಯದ್ದಕ್ಕಿಂತ ಇದನ್ನ ಮೊದಲು ಓದಿ ಅಂತ ಹೇಳೋಕೆ ಬಾಯಿ ಬರುತ್ತೆ. ಆದರೂ ಕ್ರಿಸ್ಟಿಯದನ್ನೇ ಮೊದಲು ಓದಿ. ಹಿಂಬದಿಯ ರಕ್ಷಾಪುಟದ ಸಾರಾಂಶ ಮಾತ್ರ ಓದಬೇಡಿ.

ಪೊಯ್ರೋ ಕೂಡ ಪರದೇಶಿಯೇ, ಬೆಲ್ಜಿಯಂನವನು. ಇಂಗ್ಲಿಷರ ಹಳೇ ಮನೆಗಳ ಬಗ್ಗೆ ಅವನಿಗೆ ಒಂದು ಚೂರೂ ಮೋಹ ಇಲ್ಲ. ಪುಡಿಂಗ್ ಕಥೆಯಲ್ಲಿ ಮನೆ ಹದಿನಾಲ್ಕನೇ ಶತಮಾನದ್ದು ಅಂದ ಕೂಡಲೇ ಬರಲ್ಲ ಅನ್ನುತ್ತಾನೆ. ಬಿಸಿನೀರಿನ ಪೈಪು ಹಾಕಿಸಿದ್ದಾರೆ ಅಂದಮೇಲೆ ಒಪ್ಪುತ್ತಾನೆ. 1938ರ ಪುಸ್ತಕದ ಕೊನೆಯಲ್ಲಿ ಎಲ್ಲ ಬಗೆಹರಿದಿದೆ, ಮಕ್ಕಳು ಆಸ್ತಿಯ ಮಾತು ಮುಗಿಸಿದ್ದಾರೆ. ಕರ್ನಲ್ ಜಾನ್ಸನ್ ಕುರ್ಚಿಯನ್ನ ಬೆಂಕಿಯ ಹತ್ತಿರಕ್ಕೆ ಎಳೆದುಕೊಂಡು, ಸೌದೆ ಒಲೆಗೆ ಸಮ ಇಲ್ಲ ಬಿಡಿ ಅನ್ನುತ್ತಾನೆ. ಕತ್ತಿನ ಹಿಂದೆ ಚಳಿಗಾಳಿ ಸುಳಿಯುತ್ತಿರುವ ಪೊಯ್ರೋ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ, ಯಾವತ್ತಿದ್ದರೂ ಸೆಂಟ್ರಲ್ ಹೀಟಿಂಗೇ ಸರಿ ಅಂತ.